ಅರ್ಧಕ್ಕೆ ಮೂರನೇ ಒಂದು

ಜ್ವರವೆಂದು ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಸೇರಿದ ನನ್ನ ತಂಗಿ ವಾಪಸ್ ಬರಲಿಲ್ಲ. ತಿಥಿ ಮುಗಿದ ಮೇಲೆ ಅವಳ ಮಗಳನ್ನು ಅಲ್ಲೇ ಹತ್ತಿರದ ಮಧುರೆಯ ನಮ್ಮ ಮನೆಗೆ ಕರೆತಂದೆ. ಮಗುವಿನ ಅಪ್ಪನಿಗೆ ಏರ್‌ಪೋರ್ಟಿನಲ್ಲಿ ಶಿಫ್ಟ್ ಕೆಲಸ. ಭಾನುವಾರ ಬಂದು ಹೋಗುತ್ತಿದ್ದ. ಅವಳನ್ನು ಇಲ್ಲಿಯ ಶಾಲೆಗೇ ಆರನೇ ಕ್ಲಾಸಿಗೆ ಸೇರಿಸಿದೆವು. ಅವಳೂ ಅಳಲಿಲ್ಲ, ನಾನೂ ಅಳಲಿಲ್ಲ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನನಗೆ ತಿಳಿಯುತ್ತಿರಲಿಲ್ಲ.

ಒಂದು ಸಂಜೆ ಅವಳು ಲೆಕ್ಕದ ಪುಸ್ತಕ ತಂದು ನನ್ನ ಮುಂದಿಟ್ಟಳು. ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಬೇಕಿತ್ತು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಸೇರಿಸಿ ಐದನೇ ಎರಡು ಎಂದು ಬರೆದಿದ್ದಳು. ಮೇಷ್ಟ್ರು ಅದರ ಮೇಲೆ ಕೆಂಪು ಗೀಟು ಎಳೆದಿದ್ದರು.

"ದೊಡ್ಡಮ್ಮ, ಇದ್ಯಾಕೆ ತಪ್ಪು?"

ನನಗೂ ಅದು ಸರಿಯೆಂದೇ ಕಂಡಿತು. ಶಾಲೆಯಲ್ಲಿ ಭಿನ್ನರಾಶಿ ನನಗೆ ಹಿಡಿದಿರಲೇ ಇಲ್ಲ.

"ಗೊತ್ತಿಲ್ಲ ಕಣಮ್ಮ. ಇರು, ನೋಡಣ."

ಹಳೇ ಪೇಪರಿನಿಂದ ಒಂದೇ ಅಳತೆಯ ಎರಡು ಪಟ್ಟಿ ಕತ್ತರಿಸಿದೆ. ಒಂದನ್ನು ಎರಡಾಗಿ, ಇನ್ನೊಂದನ್ನು ಮೂರಾಗಿ ಮಡಚಿದೆವು. ಅವಳು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು.

"ಐದನೇ ಎರಡು ಅಂದ್ರೆ ಅರ್ಧಕ್ಕಿಂತ ಕಮ್ಮಿ ಅಲ್ವಾ? ಕೂಡಿಸಿದ್ಮೇಲೆ ಕಮ್ಮಿ ಹೆಂಗಾಗತ್ತೆ?"

ಪಠ್ಯಪುಸ್ತಕದ ಉದಾಹರಣೆಯನ್ನು ಗಟ್ಟಿಯಾಗಿ ಓದಿದೆ. ಛೇದ ಒಂದೇ ಆಗಬೇಕು ಎಂದಿತ್ತು. ಎರಡೂ ಪಟ್ಟಿಗಳನ್ನು ಆರಾರು ಭಾಗವಾಗುವಂತೆ ಮತ್ತೆ ಮಡಚಿದೆವು. ಅರ್ಧದಲ್ಲಿ ಮೂರು ತುಂಡು, ಇನ್ನೊಂದರ ಮೂರನೇ ಒಂದು ಭಾಗದಲ್ಲಿ ಎರಡು. ಈಗ ತುಂಡುಗಳೆಲ್ಲ ಒಂದೇ ಗಾತ್ರ.

"ಐದು! ಆರರಲ್ಲಿ ಐದು!" ಎಂದಳು. ನಮ್ಮ ಮನೆಗೆ ಬಂದ ಮೇಲೆ ಅವಳ ದನಿ ಏರಿದ್ದು ಅದೇ ಮೊದಲು. ಸಂತೋಷಪಡಬೇಕು ಅಂತ ನನಗೆ ಗೊತ್ತಿತ್ತು. ಪಟ್ಟಿ ಕತ್ತರಿಸಿ ಉಳಿದ ಪೇಪರಿನ ಚೂರುಗಳನ್ನು ಗುಡಿಸಿದೆ.

ಕಳೆಯುವುದನ್ನೂ ಹಾಗೇ ಕಲಿತೆವು. ದಿನಾ ಸಂಜೆ ಲೆಕ್ಕ ಮಾಡುವಷ್ಟು ಹೊತ್ತು ಬೇರೇನೂ ತಲೆಗೆ ಬರುತ್ತಿರಲಿಲ್ಲ. ಅದಕ್ಕೇ ಇರಬೇಕು, ಪುಸ್ತಕದಲ್ಲಿನ ಲೆಕ್ಕ ಮುಗಿದಾಗ ನಾನೇ ಹೊಸವು ಹಾಕಿಕೊಡತೊಡಗಿದೆ.

ಭಾನುವಾರ ಅವಳಪ್ಪ ಬಂದಾಗ ಅವನನ್ನು ಕೂರಿಸಿಕೊಂಡು ಹೇಳಿಕೊಟ್ಟಳು. ಅವನು ಪಟ್ಟಿ ಕೈಯಲ್ಲಿ ಹಿಡಿದು, "ನಿಮ್ಮಮ್ಮ ಇದ್ದಿದ್ರೆ..." ಎಂದು ನಿಲ್ಲಿಸಿದ.

"ಇಲ್ಲಿ ನೋಡಪ್ಪ, ಮೊದ್ಲು ಛೇದ ಸರಿ ಮಾಡ್ಕೋಬೇಕು" ಎಂದಳು ಮಗಳು. ಅವನು ನೋಡಿದ.

ಊಟ ಮಾಡಿ ಅವನು ಹೊರಟ ಮೇಲೆ ಅವಳು ಚಾಪೆ ಎಳೆದು ತಂದು ನನ್ನ ಪಕ್ಕ ಹಾಸಿಕೊಂಡು ಮಲಗಿದಳು. ಅಲ್ಲಿಯವರೆಗೆ ಗೋಡೆಯ ಪಕ್ಕ ಒಬ್ಬಳೇ ಮಲಗುತ್ತಿದ್ದವಳು. ನಾನು ಫ್ಯಾನನ್ನು ಅವಳ ಕಡೆ ತಿರುಗಿಸಿದೆ.