ಎರಡು ನಮೂನೆಯ ಪತ್ರ

ನಮ್ಮ ಕಚೇರಿಯ ಟೈಪಿಸ್ಟನನ್ನು ನಾವೆಲ್ಲ ಪಾದರಸ ಎಂದೇ ಕರೆಯುತ್ತಿದ್ದೆವು. ಕೂತಲ್ಲಿ ಕೂರುವವನಲ್ಲ, ನಿಂತಲ್ಲಿ ನಿಲ್ಲುವವನಲ್ಲ. ಒಂದು ಪುಟ ಟೈಪು ಮಾಡುವಷ್ಟರಲ್ಲಿ ಮೂರು ಸಲ ಎದ್ದು ಕಿಟಕಿಯ ಹತ್ತಿರ ಹೋಗಿ ಬರುವ ಮನುಷ್ಯ. ಆದರೂ ಅವನ ಪುಟದಲ್ಲಿ ತಪ್ಪು ಹುಡುಕಿ ತೆಗೆದವರಿಲ್ಲ. ಎದುರು ಮೇಜಿನಲ್ಲಿ ಹನ್ನೊಂದು ವರ್ಷ ಕೂತ ನಾನೇ ಇದಕ್ಕೆ ಸಾಕ್ಷಿ.

ಯುದ್ಧದಲ್ಲಿ ಸತ್ತವರ ಮನೆಗೆ ಪತ್ರ ಹೋಗುತ್ತಿದ್ದುದು ನಮ್ಮಲ್ಲಿಂದ. ಅದಕ್ಕೆ ಎರಡು ನಮೂನೆ. ಗೆದ್ದ ಜಾಗದಲ್ಲಿ ಸತ್ತಿದ್ದರೆ ‘ವಿಜಯಕ್ಕಾಗಿ ಪ್ರಾಣ ಕೊಟ್ಟರು’. ಬಿಟ್ಟು ಬಂದ ಜಾಗದಲ್ಲಿ ಸತ್ತಿದ್ದರೆ ‘ಕರ್ತವ್ಯದಲ್ಲಿದ್ದಾಗ ತೀರಿಕೊಂಡರು’. ಸತ್ತವನಿಗೆ ಎರಡೂ ಒಂದೇ. ಮನೆಯವರು ಮಾತ್ರ ಮೊದಲನೆಯದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಿದ್ದರು, ಎರಡನೆಯದು ಪೆಟ್ಟಿಗೆಯ ತಳ ಸೇರುತ್ತಿತ್ತು. ಯಾವ ಬುದ್ಧಿವಂತ ಈ ಏರ್ಪಾಡು ಮಾಡಿದನೋ, ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಯುದ್ಧ ನಿಂತು ತಿಂಗಳಾಗಿತ್ತು. ನಮ್ಮ ರೇಡಿಯೋ ನಾವು ಗೆದ್ದೆವು ಎನ್ನುತ್ತಿತ್ತು, ಅವರ ರೇಡಿಯೋ ಅವರು ಗೆದ್ದರು ಎನ್ನುತ್ತಿತ್ತು. ಆಗ ಉತ್ತರದ ಬೆಟ್ಟದಲ್ಲಿ ಸತ್ತವರ ಪಟ್ಟಿ ಬಂತು. ಹದಿನೇಳನೆಯ ಹೆಸರು ಪಾದರಸನ ಅಣ್ಣನದು. ಸಾವಿನ ಸುದ್ದಿ ಮನೆಗೆ ಮೊದಲೇ ಮುಟ್ಟಿತ್ತು, ಅತ್ತಿಗೆ ಪತ್ರಕ್ಕಾಗಿ ಕಾಯುತ್ತಿದ್ದರು. ಮೊದಲನೆಯ ನಮೂನೆಯನ್ನೇ ಅವರ ಕೈಗಿಡಬೇಕು ಎಂಬುದು ಇವನ ಹಟ. ಆದರೆ ಆ ಬೆಟ್ಟವನ್ನು ನಮ್ಮವರು ಬೆಳಿಗ್ಗೆ ಹಿಡಿದಿದ್ದರು, ಮಧ್ಯಾಹ್ನ ಕಳೆದುಕೊಂಡಿದ್ದರು, ಸಂಜೆ ಮತ್ತೆ ಹಿಡಿದಿದ್ದರು. ಪಟ್ಟಿಯಲ್ಲಿ ತಾರೀಖಿತ್ತು, ಗಂಟೆ ಇರಲಿಲ್ಲ.

ಸಾಹೇಬರನ್ನು ಕೇಳಿದ. ಯಾವುದಾದರೊಂದು ಹಾಕಿ ಕಳಿಸಯ್ಯ, ಹೇಗೂ ನಿಮ್ಮಣ್ಣನೇ ತಾನೆ, ಎಂದರು. ತಪ್ಪಿಲ್ಲದೆ ಟೈಪು ಮಾಡಿಯೇ ಬದುಕಿದವನಿಗೆ ಅದು ಒಗ್ಗಲಿಲ್ಲ. ನಾಲ್ಕು ದಿನ ಕಾಲಿಗೆ ಚಕ್ರ ಕಟ್ಟಿಕೊಂಡು ಆಸ್ಪತ್ರೆಯ ವಾರ್ಡುಗಳನ್ನು ಸುತ್ತಿ, ಅಣ್ಣನ ಜೊತೆಗಿದ್ದ ಒಬ್ಬ ಸಿಪಾಯಿಯನ್ನು ಹುಡುಕಿದ. ನಾನೂ ಹೋಗಿದ್ದೆ. ಅಣ್ಣ ಬಿದ್ದಾಗ ಎಷ್ಟು ಗಂಟೆ ಎಂದು ಕೇಳಿದರೆ, ಸಿಪಾಯಿ ಬ್ಯಾಂಡೇಜು ಸುತ್ತಿದ ಕೈಯನ್ನು ಬೆಟ್ಟದ ಇಳಿಜಾರಿನ ಹಾಗೆ ಓರೆಯಾಗಿ ಹಿಡಿದು ತೋರಿಸಿದ.

“ನಾವು ಹತ್ತುತಾ ಇದ್ವಿ. ನಮ್ಮವರೇ ಇನ್ನೊಂದಷ್ಟು ಜನ ಇಳಿದು ಓಡ್ತಾ ಇದ್ರು. ಅದು ಗೆಲುವೋ ಸೋಲೋ ನೀವೇ ಹೇಳಿ. ನನಗಂತೂ ಗೊತ್ತಾಗ್ಲಿಲ್ಲ.”

ಮರುದಿನ ಪಾದರಸ ಮೊದಲನೆಯ ನಮೂನೆಯನ್ನೇ ಯಂತ್ರಕ್ಕೆ ಏರಿಸಿದ. ತಪ್ಪು ಬಿದ್ದು ಮೂರು ಹಾಳೆ ಹರಿದ. ನಾಲ್ಕನೆಯದನ್ನು ಮಡಚಿ ಜೇಬಿಗಿಟ್ಟುಕೊಂಡ. ಒಬ್ಬನೇ ಹೋಗಲು ಧೈರ್ಯ ಸಾಲದೆ ನನ್ನನ್ನೂ ಎಳೆದುಕೊಂಡು ಹೊರಟ. ದಾರಿಯುದ್ದಕ್ಕೂ ಜೇಬು ಮುಟ್ಟಿ ನೋಡಿಕೊಂಡಿದ್ದೇ ಮುಟ್ಟಿ ನೋಡಿಕೊಂಡಿದ್ದು. ನನಗೆ ಅವನ ಮೇಲೆ ಕನಿಕರವೂ ಬಂತು, ಸಿಟ್ಟೂ ಬಂತು.

ಅತ್ತಿಗೆ ಹೊಲಿಗೆ ಯಂತ್ರ ನಿಲ್ಲಿಸಿ, ಕನ್ನಡಕ ಏರಿಸಿ, ಪತ್ರವನ್ನು ಎರಡು ಸಲ ಓದಿದರು. ಇವನು ಬಾಗಿಲಿಗೂ ಗೋಡೆಗೂ ಓಡಾಡುತ್ತಿದ್ದ.

“ಹಾಗಾದ್ರೆ ಬೆಟ್ಟ ನಮ್ದಾಯ್ತು,” ಎಂದರು ಅತ್ತಿಗೆ. “ನಡಿ, ಹೋಗಿ ನಿಮ್ಮಣ್ಣನ್ನ ಕರ್ಕೊಂಡು ಬರೋಣ.”

ಪಾದರಸನ ಓಡಾಟ ನಿಂತಿತು. ಒಪ್ಪಂದವಾಗಿದೆ, ಇನ್ನು ಆ ಬೆಟ್ಟಕ್ಕೆ ನಾವೂ ಕಾಲಿಡುವ ಹಾಗಿಲ್ಲ, ಅವರೂ ಕಾಲಿಡುವ ಹಾಗಿಲ್ಲ ಎಂದು ತೊದಲಿದ. ಸತ್ತವರೆಲ್ಲ ಅಲ್ಲೇ ಇದ್ದಾರೆ, ಎರಡೂ ಕಡೆಯವರು.

ಅತ್ತಿಗೆ ಪತ್ರವನ್ನು ಬಂದ ಹಾಗೇ ಮಡಚಿ ಅವನ ಕೈಗೆ ಕೊಟ್ಟರು.

“ಸೋತ್ವಿ ಅಂತ ಬರ್ಕೊಂಡು ಬಾಪ್ಪ. ಸೋತವರಿಗಾದ್ರೂ ಹೆಣ ಕೊಡ್ತಾರೇನೋ ಕೇಳೋಣ.”