ಗೋಡೌನಿನಲ್ಲಿದ್ದ ಮೂರು ಗಾಲಿಯ ಗಾಡಿ

ನಮ್ಮೂರ ಪುರಸಭೆಯ ಸ್ಟೋರು ನೋಡಿಕೊಳ್ಳುತ್ತಿದ್ದವನು ನಾನು. ಬ್ಲೀಚಿಂಗ್ ಪೌಡರು, ಬೀದಿ ದೀಪದ ಬಲ್ಬು, ಪೊರಕೆ, ಎಲ್ಲಕ್ಕೂ ನಾನೇ ಯಜಮಾನ. ರಿಟೈರಾದ ಮೇಲೂ ಆ ಗತ್ತು ಹೋಗಿಲ್ಲವೆಂದು ಮನೆಯಾಕೆ ಈಗಲೂ ರೇಗಿಸುತ್ತಾಳೆ. ರೇಗಿಸಲಿ, ಸರಿಯಾಗೇ ಹೇಳುತ್ತಾಳೆ.

ಒಂದು ವರ್ಷ ಅಂಗವಿಕಲರಿಗೆ ಕೊಡಲೆಂದು ಕೈಯಲ್ಲಿ ಪೆಡಲ್ ತಿರುಗಿಸುವ ಮೂರು ಗಾಲಿಯ ಗಾಡಿಗಳು ಬಂದವು. ಪಟ್ಟಿ ಆಗಿತ್ತು, ಸಹಿಯೂ ಆಗಿತ್ತು. ಆದರೆ ಸಮಾರಂಭ ಆಗಬೇಕಲ್ಲ! ಶಾಮಿಯಾನ, ಹಾರ, ಶಾಲು, ಫೋಟೊ ಇಲ್ಲದೆ ನಮ್ಮಲ್ಲಿ ಒಂದು ಊರುಗೋಲನ್ನೂ ಕೈಯೆತ್ತಿ ಕೊಡುವುದಿಲ್ಲ. ಮುಖ್ಯ ಅತಿಥಿಗಳ ಡೇಟು ಸಿಗಲಿಲ್ಲ. ನಾನು ಪ್ಲಾಸ್ಟಿಕ್ ಕವರಿನ ಸಮೇತ ಗಾಡಿಗಳನ್ನು ಗೋಡೌನಿಗೆ ತಳ್ಳಿ ಬೀಗ ಜಡಿದೆ.

ಪಟ್ಟಿಯಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಬೀಗ ರಿಪೇರಿ ಮಾಡುವ ಸಾಬರ ಹೆಸರಿತ್ತು. ಚಿಕ್ಕಂದಿನಲ್ಲೇ ಪೋಲಿಯೊ ಆಗಿ ಎರಡೂ ಕಾಲು ಸೋತಿದ್ದವು. ಗೋಡೌನಿನ ಕೀ ನಾನು ಕಳೆದುಕೊಂಡಾಗ ಹೊಸದು ಮಾಡಿಕೊಟ್ಟವರೂ ಅವರೇ. ಮನಸ್ಸು ಮಾಡಿದ್ದರೆ ಆ ಬೀಗ ತೆಗೆಯಲು ಅವರಿಗೆ ಎರಡು ನಿಮಿಷ ಸಾಕಿತ್ತು. ಆದರೆ ಆ ಮನುಷ್ಯ ಬಂದು ನನ್ನನ್ನು ಕೇಳಿದರು.

ರಂಜಾನ್ ಹಬ್ಬಕ್ಕೆ ಇನ್ನೆರಡು ದಿನವಿತ್ತು. ಅವರಣ್ಣ ಅವರನ್ನು ಬೆನ್ನ ಮೇಲೆ ಹೊತ್ತು ತಂದು ಬೆಂಚಿನ ಮೇಲೆ ಕೂರಿಸಿದರು. ಅರವತ್ತು ದಾಟಿದ ಅಣ್ಣ, ಹಾಸಿಗೆ ಹೊಲಿಯುವವರು. ಹತ್ತಿ ಧೂಳು ಕುಡಿದು ಉಬ್ಬಸ ಅಂಟಿತ್ತು. ಕೆಮ್ಮುತ್ತಾ ಹೊರಗೆ ಹೋದರು.

ಅಣ್ಣ ಆಚೆ ಹೋದದ್ದು ನೋಡಿಕೊಂಡು ತಮ್ಮ ಮೆಲ್ಲಗೆ ಹೇಳಿದರು: "ಸಾರ್, ಒಂದೇ ಒಂದು ದಿನ ಗಾಡಿ ಕೊಟ್ಬುಡಿ. ನಮಾಜು ಮುಗಿಸ್ಕಂಡು ಸಂಜೆಗೆ ತಂದು ಬುಡ್ತೀನಿ. ಕವರ್ ಸೈತ ಹರಿಯಕಿಲ್ಲ. ಸಣ್ಣೋನಿದ್ದಾಗಿಂದ ಭಾಯ್‌ಜಾನ್ ನನ್ನ ಹೊತ್ಕಂಡೇ ಈದ್ಗಾಕ್ಕೆ ಹೋಗವ್ರೆ. ಈ ಸಲ ಅವ್ರು ಕೈ ಬೀಸ್ಕಂಡು ನಡೀಲಿ, ನಾನು ಪಕ್ಕದಾಗೆ ಹೋಗ್ಬೇಕು ಅಂತ ಆಸೆ."

ನಾನೇನು ಹೇಳಿದೆ ಗೊತ್ತೆ? "ಫಂಕ್ಷನ್ ಆಗದೆ ಕೊಡೋಕೆ ಬರಲ್ಲ ಸಾಬ್ರೇ. ಮುಂದಿನ ವರ್ಷ ಧಾರಾಳವಾಗಿ ಹೋಗೀರಂತೆ, ಬಿಡಿ." ಥೂ! ಕೀ ನನ್ನ ಜೇಬಿನಲ್ಲೇ ಇತ್ತು. ಕೊಟ್ಟಿದ್ದರೆ ಯಾರೂ ನನ್ನ ತಲೆ ತೆಗೆಯುತ್ತಿರಲಿಲ್ಲ. ಅವರು "ಆಗ್ಲಿ ಸಾರ್" ಅಂದು ಅಣ್ಣನನ್ನು ಕೂಗಿದರು.

ಹಬ್ಬದ ದಿನ ಬೆಳಿಗ್ಗೆ ಸ್ಕೂಟರಿನಲ್ಲಿ ಹಾಲು ತರಲು ಹೊರಟಿದ್ದೆ. ಈದ್ಗಾ ರಸ್ತೆಯ ಮೋರಿ ಕಟ್ಟೆಯ ಮೇಲೆ ತಮ್ಮನನ್ನು ಇಳಿಸಿ ಅಣ್ಣ ಮಂಡಿ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದರು. ಇಬ್ಬರದೂ ಗರಿಗರಿ ಬಿಳಿ ಬಟ್ಟೆ. ತಮ್ಮ ಕರ್ಚೀಫಿನಿಂದ ಅಣ್ಣನ ಮುಖಕ್ಕೆ ಗಾಳಿ ಬೀಸುತ್ತಿದ್ದರು. ನನ್ನ ಸ್ಕೂಟರಿನ ಹಿಂದಿನ ಸೀಟು ಖಾಲಿಯಿತ್ತು. ಯಾವ ಮುಖ ಇಟ್ಟುಕೊಂಡು ಕರೆಯಲಿ? ಅವರು ನೋಡುವ ಮೊದಲೇ ಪಕ್ಕದ ಗಲ್ಲಿಗೆ ತಿರುಗಿಸಿಬಿಟ್ಟೆ.

ಮಳೆಗಾಲಕ್ಕೆ ಮುಂಚೆ ಸಮಾರಂಭವಾಯಿತು. ದೂರದ ಹಳ್ಳಿ ಹುಲಿಕುಂಟೆ ಕಡೆಯಿಂದಲೂ ಜನ ಬಂದು ಬಿಸಿಲಲ್ಲಿ ಕಾದರು. ಅತಿಥಿಗಳು ಊಟದ ಹೊತ್ತಿಗೆ ಬಂದರು. ಸಾಬರ ಕೊರಳಿಗೆ ಹಾರ ಬಿತ್ತು, ಫೋಟೊ ತೆಗೆದರು. ಹಿಂದೆ ನಿಂತಿದ್ದ ಅಣ್ಣ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಹೇಗೋ ಸರಿಹೋಯಿತಲ್ಲ ಎಂದು ನಾನೂ ನೆಮ್ಮದಿಯಾಗಿ ಊಟ ಮಾಡಿದೆ.

ಅಣ್ಣ ಆ ಚಳಿಗಾಲ ದಾಟಲಿಲ್ಲ. ಟೀ ಅಂಗಡಿಯಲ್ಲಿ ಯಾರೋ ಹೇಳಿದರು. ಅರ್ಧ ಕುಡಿದ ಲೋಟ ಅಲ್ಲೇ ಇಟ್ಟು ಎದ್ದೆ. ಆದರೆ ಅವರ ಮನೆಗೆ ಹೋಗುವ ಧೈರ್ಯ ಬರಲಿಲ್ಲ.

ಮುಂದಿನ ರಂಜಾನಿಗೆ ಬೇಕೆಂದೇ ಹೋಗಿ ಆ ಮೋರಿಯ ಹತ್ತಿರ ನಿಂತೆ. ಸಾಬರು ಪೆಡಲ್ ತಿರುಗಿಸುತ್ತಾ ಬಂದರು. ನನ್ನನ್ನು ಕಂಡು ಗಾಡಿ ನಿಲ್ಲಿಸಿ ಕೈ ಹಿಡಿದುಕೊಂಡರು.

"ಗಾಡಿ ಚೆನ್ನಾಗೈತೆ ಸಾರ್. ಮನೆಗೆ ಬನ್ನಿ, ಶೀರ್ ಖುರ್ಮಾ ಕುಡ್ಕಂಡು ಹೋಗೀರಂತೆ."

ತಪ್ಪಾಯ್ತು ಅಂತ ಹೇಳಲೆಂದೇ ಹೋಗಿದ್ದೆ. ಬಾಯಿಂದ ಬಂದದ್ದು ಬೇರೆ. "ಒಬ್ಬರೇ ಬಂದ್ರಾ?"

"ಹೂಂ ಸಾರ್, ಒಬ್ನೇ," ಅಂದರು. ಮೋರಿ ಕಟ್ಟೆಯ ಕಡೆಗೊಮ್ಮೆ ನೋಡಿ ಪೆಡಲ್ ತಿರುಗಿಸಿಕೊಂಡು ಹೊರಟರು.