ವೀಳ್ಯಕ್ಕೆ ಮುಂಚೆ ಆಡದ ಮಾತು

ಉಡಿಗಾಲದ ಗಂಗಾಧರಸ್ವಾಮಿಯವರು ಮಿಲ್ಟ್ರೀಲಿ ಸುಬೇದಾರ್ ಆಗಿ ರಿಟೈರ್ ಆದೋರು. ಅವರ ಮೀಸೆ ಅಂದ್ರೆ ಎರಡು ತುದೀಗೂ ಒಂದೊಂದು ಗಿಣಿ ಕೂರಿಸ್ಬೋದಾಗಿತ್ತು. ಕೂತಿದ್ವು ಅಂತ ಆಣೆ ಮಾಡೋರೂ ಅವ್ರೆ, ನಂಬೋದು ಬುಡೋದು ಕೇಳೋರ್ಗೆ ಸೇರಿದ್ದು. ಸರ್ವೀಸ್ ಪೂರ್ತಿ ಅವರು ಕಳೆದಿದ್ದು ರೇಷನ್ ಸ್ಟೋರಲ್ಲಿ. ಬೇಳೆ ಮೂಟೆ, ಸಕ್ಕರೆ ಮೂಟೆ, ಇಲಿ ಬೋನು. ಅದೂ ಎಲ್ಲಿ? ಮಧ್ಯಪ್ರದೇಶದಲ್ಲಿ, ಕೋಳಿ ಬೇಯ್ಸಿದ ಮೊಟ್ಟೆನೇ ಇಡೋ ಅಂಥ ಬಿಸಿಲೂರಲ್ಲಿ. ಹಿಮ ಅನ್ನೋದನ್ನ ಅವರು ಕಂಡಿದ್ದು ಕ್ಯಾಲೆಂಡರಲ್ಲಿ ಮಾತ್ರ.

ಆದ್ರೆ ರಜಕ್ಕೆ ಬಂದ ಮಿಲ್ಟ್ರಿಯೋನು ಇಲಿ ಬೋನಿನ ಕತೆ ಹೇಳಕ್ಕಾಯ್ತದಾ? ರಜ ಸಿಕ್ತು ಅಂದ್ರೆ ಅವರು ಗುಂಡ್ಲುಪೇಟೇಲಿ ಅಕ್ಕನ ಮನೆಗೆ ಬಂದೇ ಬರೋರು. ಬೆಳಿಗ್ಗೆ ಎದ್ದು ಬಸ್‌ಸ್ಟ್ಯಾಂಡ್ ಹತ್ರ ಮಲಯಾಳಿ ಕಾಕಾನ ಟೀ ಅಂಗಡೀಲಿ ದರ್ಬಾರು. ಕೇರಳದ ಲಾರಿಗೆ ಕೋಸು, ಬೀನ್ಸು ತುಂಬೋ ಆಳುಗಳೆಲ್ಲ ಸುತ್ತ ಸೇರ್ಕಳೋರು.

"ಅಲ್ಲಿ ಚಳಿ ಎಂಗದೆ ಗೊತ್ತೇನ್ರಲಾ? ಮುದ್ದೆ ಕಟ್ಟಿ ಆಚೆ ಇಟ್ಟು, ಸಾರು ತರೋ ಅಷ್ಟ್ರಲ್ಲಿ ಫಿರಂಗಿ ಗುಂಡಾಗಿರ್ತದೆ! ಒಂದಿನ ನಮ್ಮತ್ರ ಮದ್ದುಗುಂಡು ಮುಗುದೋಯ್ತು. ಉಣ್ಣೋ ಮುದ್ದೇನೇ ಎತ್ತಿ ಎಸ್ದೆ ನೋಡು, ಆಚೆ ಕಡೆ ಬಂಕರ್ರೇ ಉರುಳೋಯ್ತು. ಬಿಳಿ ಬಾವುಟ ತೋರ್ಸ್‌ಬುಟ್ರು."

"ಸಾರ್ನ ಏನ್ ಮಾಡುದ್ರಣ್ಣ?"

"ಕಚ್ಕಂಡು ತಿಂದೆ ಕಣ್ಲಾ."

ಎಲ್ಲಾ ಬಿದ್ದು ಬಿದ್ದು ನಗೋರು. ನಗದೆ, ಬಾಯ್ ಬುಟ್ಕಂಡು ಕೇಳ್ತಿದ್ದೋನು ಒಬ್ನೇ, ಉಮ್ಮತ್ತೂರಿನ ಮೂಗಯ್ಯನ ಮಗ ದೊರೆಸ್ವಾಮಿ. ಲಾರಿಗೆ ಮೂಟೆ ಹೊರ್ತಿದ್ದ ಗಟ್ಟಿ ಆಳು. "ಕಾಲ್ಗೆ ಏನೂ ಆಗದಿಲ್ವಾ ಅಣ್ಣ, ಅಂಥ ಚಳೀಲಿ?" ಅಂತ ಕೇಳ್ದ.

ಸುಬೇದಾರ್ರು ಟೀ ಲೋಟ ಕೆಳಗಿಟ್ರು. "ಆಗ್ದೆ ಏನ್ಲಾ? ಬೆರಳೆಲ್ಲ ಕಲ್ಲಾದ್ವು. ಸೀದಾ ತಕ್ಕೋಗಿ ಬೆಂಕಿಗೆ ಇಡ್ದೆ. ಜೋಳದ ಅರಳು ಸಿಡ್ದಂಗೆ ಪಟಪಟ ಅಂದು ಎದ್ದು ಕೂತ್ಕಂಡ್ವು. ಬೆಂಕಿ ಇರುವಾಗ ಡಾಕ್ಟ್ರು ಯಾಕ್ಲಾ?"

ಆ ಮಾತು ಹುಟ್ಟಿದ್ದೇ ಆ ಗಳಿಗೇಲಿ, ಟೀ ಹಬೆ ಜೊತೇಲಿ. ಮಿಕ್ಕೋರೆಲ್ಲ ನಕ್ಕು ಮರೆತ್ರು. ದೊರೆ ಮಾತ್ರ ಅದನ್ನ ಸೆರಗಲ್ಲಿ ಕಟ್ಕಂಡಂಗೆ ಕಟ್ಕಂಡೋದ.

ಅವನು ಮಿಲ್ಟ್ರಿ ಸೇರ್ದ. ಅವನ ಹಣೇಲಿ ಬರೆದಿದ್ದು ರೇಷನ್ ಸ್ಟೋರಲ್ಲ, ನಿಜವಾದ ಹಿಮ. ಒಂದಿನ ಗಸ್ತು ಮುಗಿಸಿ ಬರುವಾಗ ಎಡಗಾಲಿನ ಬೆರಳೆಲ್ಲ ಮರಗಟ್ಟೋದ್ವು. ಹಿಂಗಾದ್ರೆ ಏನ್ ಮಾಡ್ಬೇಕು, ಏನ್ ಮಾಡ್ಬಾರ್ದು ಅಂತ ಟ್ರೈನಿಂಗಲ್ಲಿ ಹೇಳೇ ಇದ್ರು. ಆದ್ರೆ ಅವರು ಹೇಳಿದ್ದು ಹಿಂದೀಲಿ. ಸುಬೇದಾರ್ರು ಹೇಳಿದ್ದು ಕನ್ನಡದಲ್ಲಿ. ದೊರೆ ಯಾರೂ ಇಲ್ಲದಾಗ ಸ್ಟವ್ ಉರಿಗೆ ಕಾಲೊಡ್ಡಿ ಕೂತ. ಮರಗಟ್ಟಿದ ಕಾಲ್ಗೆ ಸುಡೋದು ಗೊತ್ತಾಗ್ಬೇಕಲ್ಲ! ಅರಳು ಸಿಡೀಲಿ ಅಂತ ಕಾಯ್ತಾ ಕಾಯ್ತಾ ಮೂಗಿಗೆ ವಾಸನೆ ಬರೋವರ್ಗೂ ಕೂತಿದ್ದ.

ಆಸ್ಪತ್ರೇಲಿ ಬೆರಳೆಲ್ಲ ತೆಗೆದ್ರು. ಬೈತಾರೆ ಅಂತ ಬೆಂಕಿ ವಿಷ್ಯ ಅವನು ಅಲ್ಲಿ ಬಾಯ್‌ಬುಡ್ಲಿಲ್ಲ, ಏನೋ ಬಿಸಿನೀರು ಚೆಲ್ತು ಅಂದ. ಊರಿಗೆ ಬಂದು ಚಿಲ್ಲರೆ ಅಂಗಡಿ ಇಟ್ಕಂಡ. ಬಂದೋರ್ಗೆಲ್ಲ ಒಂದೇ ಮಾತು: "ಬೆರಳ ಹಿಮ ತಿಂತು. ಉಡಿಗಾಲದಣ್ಣ ಏಳ್ಕೊಟ್ಟಂಗೆ ಬೆಂಕಿಗಿಡ್ದಿದ್ಕೆ ಪಾದ ಉಳ್ಕತ್ತು."

ಅವನ ತಾಯಿ ಸುಂದ್ರಮ್ಮ ಅವರೆಕಾಯಿ ಹೊತ್ಕಂಡು ಉಡಿಗಾಲಕ್ಕೆ ಬಂದು, ಅಷ್ಟೊತ್ಗೆ ರಿಟೈರ್ ಆಗಿ ಊರು ಸೇರಿದ್ದ ಸುಬೇದಾರ್ರ ಕಾಲ್ಗೆ ಬಿದ್ದಳು. ಅವತ್ತು ಅವರಿಗೆ ಹೆಮ್ಮೆನೇ ಆಯ್ತು. ಬಾಯಿಗೆ ಬಂದಂಗೆ ಬುಟ್ಟ ರೀಲು ಒಂದು ಪಾದ ಉಳಿಸ್ತಲ್ಲ ಅಂತ.

ಆ ಹೆಮ್ಮೆ ಬಾಳಿದ್ದು ಚಾಮರಾಜನಗರದಲ್ಲಿ ಮಾಜಿ ಸೈನಿಕರ ಹೆಲ್ತ್ ಕ್ಯಾಂಪ್ ಆಗೋವರ್ಗೆ. ಬಿಪಿ ನೋಡ್ತಿದ್ದ ಮಿಲ್ಟ್ರಿ ಡಾಕ್ಟ್ರಿಗೆ ಇವರು ಮೀಸೆ ತಿರುವ್ತಾ ಈ ಕತೆ ಹೇಳುದ್ರು. ಡಾಕ್ಟ್ರು ನಗ್ಲಿಲ್ಲ. "ಅಯ್ಯೋ, ಯಾರ್ರೀ ಅವನಿಗೆ ಹಂಗೆ ಹೇಳ್ಕೊಟ್ಟಿದ್ದು? ಉಗುರುಬೆಚ್ಚಗಿನ ನೀರಲ್ಲಿ ಇಟ್ಟಿದ್ರೆ ಬೆರಳು ಉಳಿಯೋದಿತ್ತೇನೋ. ಬೆಂಕಿಗೆ ಹಿಡಿದ್ರೆ ಬೆಂದೇ ಹೋಯ್ತವೆ" ಅಂದ್ರು.

ಬಿಪಿ ಮಿಷನ್ನು ಅವತ್ತು ಸಿಡಿದು ಚೂರಾಯ್ತು ಅಂತ ಜನ ಹೇಳ್ತಾರೆ. ಅಷ್ಟೇನಿಲ್ಲ. ಸುಬೇದಾರ್ರು ಸುಮ್ನೆ ಎದ್ದು ಬಂದ್ರು. ಬಸ್ಸಲ್ಲಿ ಸೀಟು ಖಾಲಿ ಇದ್ರೂ ನಿಂತ್ಕಂಡೇ ಊರು ಸೇರುದ್ರು. ಅವತ್ತಿಂದ ಅವರ ಬಾಯಲ್ಲಿ ಮುದ್ದೆ ಗುಂಡು ಹಾರ್ಲಿಲ್ಲ. ಉಮ್ಮತ್ತೂರು ಬಸ್ ಬಂದ್ರೆ ಮರದ ಹಿಂದಕ್ಕೆ ಸರ್ಕಳೋರು. ಸತ್ಯ ಹೇಳಿದ್ದು ಹೆಂಡ್ತಿ ಕುಮಾರಮ್ಮಂಗೆ ಒಬ್ರಿಗೇ.

ಅಂಥ ಹೊತ್ತಲ್ಲಿ ಜಿಲ್ಲಾ ಪಂಚಾಯ್ತಿ ಎಲೆಕ್ಷನ್ ಬಂತು. ಪಕ್ಷದೋರಿಗೆ ಮೀಸೆ ಇರೋ ಕ್ಯಾಂಡಿಡೇಟ್ ಬೇಕಾಗಿತ್ತು. ಇವರು ಬ್ಯಾಡ ಬ್ಯಾಡ ಅಂದ್ಕಂಡೇ ಪಂಚೆ ಇಸ್ತ್ರಿ ಮಾಡಿಸ್ಕಂಡ್ರು. ಎಲ್ಲ ಲೆಕ್ಕ ಹಾಕ್ದಾಗ, ಗೆಲ್ಲೋದು ಸೋಲೋದು ಉಮ್ಮತ್ತೂರಿನ ಕೆಳಗಲ ಬೀದಿ ಮೇಲೆ ನಿಂತ್ಕತ್ತು. ಆ ಬೀದಿ ಯಜಮಾನ ಯಾರು? ದೊರೆ ಅಪ್ಪ ಮೂಗಯ್ಯ.

ಆ ಬೀದೀಲಿ ಒಂದು ಕಟ್ಲೆ ಅದೆ. ಯಜಮಾನ ಎಲೆ ಅಡಿಕೆ ಇಟ್ಟು ವೀಳ್ಯ ಕೊಟ್ಟ ಅಂದ್ರೆ ಇಡೀ ಬೀದಿ ಮಾತು ಕೊಟ್ಟಂಗೆ. ಆಮೇಲೆ ಆಕಾಶ ಬಿದ್ರೂ ಆ ಮಾತು ತಿರುಗಂಗಿಲ್ಲ.

ಹೊರಡುವಾಗ ಕುಮಾರಮ್ಮ ಬಾಗಿಲಿಗೆ ಅಡ್ಡ ನಿಂತ್ಕಂಡ್ರು. "ನೋಡಿ, ವೀಳ್ಯಕ್ಕೆ ಮುಂಚೆ ಆ ಹುಡುಗುಂಗೆ ಏಳ್ಬುಡಿ. ಆಮ್ಯಾಕೆ ಏಳುದ್ರೆ ಅದು ತಪ್ಪೊಪ್ಕಳದಲ್ಲ, ಕೈ ಕಟ್ಟಾಕ್ಬುಟ್ಟು ಒಡಿಯಾದು."

"ಏಳ್ತೀನಿ ಕಣಮ್ಮಿ. ಅದ್ಕೇ ಹೊಂಟಿರಾದು."

"ಎದುರ್ಗಡೆ ಬಂಕರ್ ಉರುಳ್ಸಿದೋರು, ನಿಮಗ್ಯಾಕೆ ಭಯ?" ಅಂತ ಕುಮಾರಮ್ಮ ಒಳಗೋದ್ರು.

ಕೆಳಗಲ ಬೀದೀಲಿ ಜನ ಸೇರಿತ್ತು. ದೊರೆ ಕುಂಟ್ಕಂಡು ಮುಂದೆ ಬಂದು, ಚಪ್ಪಲಿ ಕಳಚಿ, ಮೊಂಡು ಪಾದ ಎಲ್ರಿಗೂ ಕಾಣಂಗೆ ಜಗಲಿ ಮೇಲಿಟ್ಟ. "ಈ ಪಾದ ಅದೆಯಲ್ಲ, ಇದು ಅಣ್ಣನ ಪುಣ್ಯ. ಇವ್ರಿಗಲ್ದೆ ಇನ್ಯಾರ್ಗೆ ಹಾಕನ ಓಟು?" ಜನ ಚಪ್ಪಾಳೆ ತಟ್ಟುದ್ರು. ಮೂಗಯ್ಯ ಎಲೆ ಜೋಡಿಸ್ತಾ ಕೂತಿದ್ದ.

ಸುಬೇದಾರ್ರು ಎದ್ದು ನಿಂತ್ರು. "ಮೂಗಯ್ಯ, ವೀಳ್ಯಕ್ಕೆ ಮುಂಚೆ ಒಂದ್ಮಾತು..."

"ಅದೇನ್ ಏಳಿ ಸ್ವಾಮಿ."

ಬೀದಿಗೆ ಬೀದಿನೇ ಕಿವಿಯಾಗಿತ್ತು. ನಾಲಿಗೆ ತುದೀಗೆ ಬಂದಿದ್ದು ಒಳಿಕ್ಕೇ ಜಾರ್ಕತ್ತು. "ಕುಡಿಯಾಕೆ ನೀರ್ ಕೊಡಿ" ಅಂದ್ಬುಟ್ರು.

ಸುಂದ್ರಮ್ಮ ಚೊಂಬು ತಂದ್ಳು. ಗಟಗಟ ಕುಡುದ್ರು. ಅಲ್ಲಿದ್ದ ಮುದುಕರ ಕಣ್ಣಲ್ಲಿ ನೀರು. "ನೋಡ್ರಲಾ, ಮೇಗಲ ಬೀದಿಯೋರು ಎಷ್ಟು ಜನ ಬಂದೋದ್ರು. ಬಾಯ್ಬುಟ್ಟು ಕೇಳಿ ನಮ್ಮನೆ ನೀರ ಕುಡುದೋರು ಇವ್ರೊಬ್ರೇ!" ಅಂದ್ರು. ಹೇಡಿತನಕ್ಕೆ ಇಷ್ಟು ಮರ್ಯಾದೆ ಯಾವ ಸೀಮೇಲೂ ಸಿಕ್ಕಿರಾಕಿಲ್ಲ. ಆ ಸಂಭ್ರಮದಲ್ಲೇ ಮೂಗಯ್ಯ ವೀಳ್ಯ ನೀಡ್ದ, ಸುಬೇದಾರ್ರ ಕೈ ತಾನಾಗೇ ಮುಂದಕ್ಕೋಯ್ತು.

ಜೀಪಿನ ತಂಕ ಕಳಿಸಾಕೆ ದೊರೆ ಒಬ್ನೇ ಬಂದ. ಅಲ್ಲಿ ಹೇಳುದ್ರು. ಕಾಕಾನ ಅಂಗಡಿ, ಕ್ಯಾಲೆಂಡರ್ ಹಿಮ, ಡಾಕ್ಟ್ರು, ಎಲ್ಲಾ ಹೇಳ್ಬುಟ್ರು. ದೊರೆ ಮೊದ್ಲು ನಕ್ಕ. ಆಮೇಲೆ ಬಗ್ಗಿ ತನ್ನ ಕಾಲು ನೋಡ್ಕಂಡ.

"ಇದು ನಿಮ್ಗೆ ಯಾವಾಗ ಗೊತ್ತಾಯ್ತು?"

"ಹೋದ ವರ್ಷ."

"ಮತ್ತೆ ಈಗ ಏಳ್ತಾ ಇದ್ದೀರಾ. ವೀಳ್ಯ ಆದ್ಮೇಲೆ."

ಸುಬೇದಾರ್ರ ಕೈಲಿದ್ದ ಎಲೆ ಬೆವರಿಗೆ ಒದ್ದೆಯಾಗಿತ್ತು.

"ಮಾತು ಕೊಟ್ಟಾಗದೆ. ಓಟು ಬತ್ತವೆ, ಹೋಗಿ ಸುಬೇದಾರ್ರೇ" ಅಂದ ದೊರೆ. ಅಣ್ಣ ಅನ್ಲಿಲ್ಲ. "ನಮ್ಮವ್ವ ದಿನಾ ನಿಮ್ಮೆಸ್ರಲ್ಲಿ ಮಾದಪ್ಪುಂಗೆ ದೀಪ ಹಚ್ತಾವ್ಳೆ. ಅವ್ಳಿಗೆ ನೀವೇ ಏಳ್ಬೇಕು. ನನ್ ಕೈಲಾಗಲ್ಲ."

ಓಟು ಬಂದ್ವು. ಸುಬೇದಾರ್ರು ಗೆದ್ರು. ಮೆರವಣಿಗೆ ಉಮ್ಮತ್ತೂರಿಗೆ ಬಂದಾಗ ತಮಟೆ ಸದ್ದಿಗೆ ಹಂಚು ಹಾರೋದ್ವು. ಸುಂದ್ರಮ್ಮ ಆರತಿ ತಟ್ಟೆ ಹಿಡ್ದು ಬಾಗಿಲಲ್ಲಿ ನಿಂತಿದ್ಳು, ದೊರೆ ಅವಳ ಹಿಂದೆ. ಸುಬೇದಾರ್ರು ಜೀಪಿಂದ ಇಳಿದು, ಹಾರ ತೆಗೆದು ಸೀಟ್ ಮೇಲಿಟ್ಟು, ತಮಟೆ ನಿಲ್ಲಿಸಿ ಅಂತ ಕೈ ಎತ್ತುದ್ರು.

"ಸುಂದ್ರಮ್ಮ, ನನಗೆ ಆರತಿ ಬ್ಯಾಡ ಕಣಮ್ಮ. ನಿನ್ ಮಗನ ಬೆರಳ ಹಿಮ ತಿನ್ಲಿಲ್ಲ. ನಾನು ಆಡಿದ ಸುಳ್ಳು ತಿಂತು. ಹಿಮ ಎಂಗದೆ ಅಂತ್ಲೇ ಕಾಣೆ ನಾನು."

ಜೀಪಿನ ಹಿಂದೆ ಯಾರೋ ಕೇಕೆ ಹಾಕುದ್ರು. "ಸುಬೇದಾರ್ರು ಶುರು ಹಚ್ಕಂಡ್ರು ಕಣ್ರಲಾ!" ಜನವೆಲ್ಲ ಗೊಳ್ಳಂತ ನಕ್ತು.

ಸುಂದ್ರಮ್ಮನೂ ನಕ್ಕಳು. "ತಮಾಸೆ ಮಾಡ್ಬ್ಯಾಡಿ ಸ್ವಾಮಿ, ಹಣೆ ಕೊಡಿ" ಅಂತ ಕುಂಕುಮದ ಬೆರಳು ಮುಂದೆ ತಂದ್ಳು.

ಸುಬೇದಾರ್ರು ಹಣೆ ಕೊಡ್ಲಿಲ್ಲ. ತಲೆ ತಗ್ಗಿಸಿ ನಿಂತ್ಕಂಡ್ರು. ಅವಳ ಕೈ ಅಲ್ಲೇ ನಿಂತ್ಕತ್ತು. ಅವರ ಮೊಕ ನೋಡುದ್ಳು. ತಿರುಗಿ ಮಗನ ಮೊಕ ನೋಡುದ್ಳು. ದೊರೆ ನಗ್ತಿರ್ಲಿಲ್ಲ. ಅವಳು ಆರತಿ ತಟ್ಟೇನ ಮೆತ್ತಗೆ ಜಗಲಿ ಮೇಲಿಟ್ಟು, ಕುಂಕುಮದ ಬೆರಳ ಸೆರಗಿಗೆ ಒರ್ಸ್ಕಂಡು ಒಳಗೋದಳು.

ಏನಾಯ್ತು ಅಂತ ತಿಳೀದೆ ತಮಟೆಯೋನು ಮತ್ತೆ ಬಾರ್ಸಾಕೆ ಶುರು ಮಾಡ್ದ.